ಕೊನೆಯ ಎಂಟು ಸಾಲಿನ ಉಸಿರು

ಮಾವನ ಉಸಿರನ್ನು ಯಾರೂ ಕೇಳಿದವರಿಲ್ಲ. ವಾಚನಾಲಯದ ಸಭಾಂಗಣದಲ್ಲಿ ಮೂವತ್ತೆಂಟು ವರ್ಷಗಳಿಂದ ಭಾನುವಾರದ ಸಂಜೆ ಕಾವ್ಯ ಓದುತ್ತಿದ್ದವರು ಅವರು. ಎಲ್ಲಿ ಉಸಿರೆಳೆದುಕೊಂಡರು, ಎಲ್ಲಿ ಬಿಟ್ಟರು ಎಂಬುದು ಎದುರು ಬೆಂಚಿನಲ್ಲಿ ಕೂತವರಿಗೂ ತಿಳಿಯುತ್ತಿರಲಿಲ್ಲ. ಉಸಿರು ಕೇಳಿಸಿತೋ, ಪದ್ಯ ಕೆಟ್ಟಿತು. ಗುರುಗಳು ಅವರಿಗೆ ಹೇಳಿಕೊಟ್ಟ ಮೊದಲ ಪಾಠವೇ ಅದು.

ಈಗ ಆ ಉಸಿರೇ ಕೈಕೊಟ್ಟಿತ್ತು. ವಾರವಾರ ಓದುತ್ತ ಬಂದ ಕಾವ್ಯದ ಕೊನೆಯ ಎಂಟು ಸಾಲುಗಳನ್ನು ಒಂದೇ ಉಸಿರಿನಲ್ಲಿ ಮುಗಿಸಬೇಕು. ಐದನೆಯದಕ್ಕೇ ಎದೆ ಕಟ್ಟುತ್ತಿತ್ತು. ಡಾಕ್ಟರು ಪುಡಿ ಎಳೆಯುವ ಇನ್‌ಹೇಲರ್ ಕೊಟ್ಟು ತಿಂಗಳಾದರೂ ಗುಣ ಕಾಣಲಿಲ್ಲ. ಆ ಸಾಲುಗಳ ಸರದಿಗೆ ಉಳಿದದ್ದು ಎರಡೇ ವಾರ.

"ಆಗದಿದ್ರೆ ಪುಸ್ತಕ ದರ್ಜಿ ಕೈಗೆ ಕೊಟ್ಟು ಸುಮ್ನೆ ಕೂರ್ತೀನಿ" ಎಂದರು ಮಾವ. ದರ್ಜಿ ಅವರ ಶಿಷ್ಯ. ಒಳ್ಳೆಯ ಕಂಠ, ಆದರೆ ಉಸಿರು ಅವನ ಹೊಲಿಗೆ ಯಂತ್ರದ ಹಾಗೆ ಬೀದಿಗೆಲ್ಲ ಕೇಳಿಸುತ್ತಿತ್ತು.

ಸೊಸೆಗೆ ಇದು ನುಂಗಲಾರದ ತುತ್ತು. ಅವಳ ಕೆಲಸ ಇಂಥದೇ ಇನ್‌ಹೇಲರ್ ತಯಾರಿಸುವ ಕಾರ್ಖಾನೆಯ ಪರೀಕ್ಷಾ ಕೋಣೆಯಲ್ಲಿ. ಅಲ್ಲೊಂದು ಲೋಹದ ಗಂಟಲು, ಅದರ ಕೆಳಗೆ ಸಾಲಾಗಿ ತಟ್ಟೆಗಳು, ತುದಿಯಲ್ಲಿ ಗಾಳಿ ಎಳೆಯುವ ಪಂಪು. ಪುಡಿ ಎಷ್ಟನೆಯ ತಟ್ಟೆಯವರೆಗೆ ಇಳಿಯಿತೋ, ಎದೆಯಲ್ಲೂ ಅಷ್ಟು ಆಳಕ್ಕೆ ಇಳಿದೀತೆಂದು ಲೆಕ್ಕ. ಲೋಹದ ಗಂಟಲಿಗೆ ಒಗ್ಗಿದ ಔಷಧ ಮಾವನ ಗಂಟಲಿಗೇಕೆ ಒಗ್ಗದು?

ಒಂದು ಬೆಳಿಗ್ಗೆ ಕಸದ ಬುಟ್ಟಿ ಖಾಲಿ ಮಾಡುವಾಗ ಮಾವ ಇನ್‌ಹೇಲರಿನಿಂದ ತೆಗೆದು ಎಸೆದ ಪುಡಿಯ ಕ್ಯಾಪ್ಸೂಲ್ ಕಣ್ಣಿಗೆ ಬಿತ್ತು. ಕಿಟಕಿಯ ಬೆಳಕಿಗೆ ಹಿಡಿದಳು. ಅರ್ಧ ಪುಡಿ ಒಳಗೇ ಇತ್ತು.

ಸಂಜೆ ಅವಳೆದುರಿಗೇ ಮಾವ ಹೊಸ ಕ್ಯಾಪ್ಸೂಲ್ ಇಟ್ಟು, ಗುಂಡಿ ಒತ್ತಿ ಚುಚ್ಚಿದರು. ಬೆನ್ನು ನೆಟ್ಟಗೆ ಮಾಡಿ, ಕಣ್ಣು ಮುಚ್ಚಿ, ತೊಟ್ಟಿಲ ಕೂಸು ಏಳದ ಹಾಗೆ ಮೆಲ್ಲಗೆ ಎಳೆದರು. ಪಿಟ್ಟೆಂಬ ಸದ್ದಿಲ್ಲ.

"ಹೇಗೆ?" ಎಂದರು ಹೆಮ್ಮೆಯಿಂದ.

"ಕ್ಯಾಪ್ಸೂಲ್ ತಿರುಗಲೇ ಇಲ್ಲ ಮಾವ. ಅದು ಗರಗರ ಅನ್ಬೇಕು."

"ಮೊದಲನೇ ದಿನ ಅಂದಿತ್ತು. ನಾಚಿಕೆ ಆಯ್ತು. ಆಮೇಲೆ ಸರಿಮಾಡ್ಕೊಂಡೆ."

"ಸರಿ ಇದ್ದದ್ದನ್ನ ಸರಿಮಾಡಿ ಕೆಡಿಸೋದ್ರಲ್ಲಿ ಇವರನ್ನ ಬಿಟ್ರೆ ಇಲ್ಲ" ಎಂದರು ಅಡುಗೆಮನೆಯಿಂದ ಅತ್ತೆ.

ಸೊಸೆ ಪಕ್ಕದಲ್ಲಿ ಕೂತಳು. "ಔಷಧದ ಪುಡಿ ತೀರಾ ಸಣ್ಣದು ಮಾವ, ಅದೊಂದೇ ಇದ್ರೆ ಗಂಟುಗಟ್ಟುತ್ತೆ. ಅದಕ್ಕೆ ಹಾಲಿನ ಸಕ್ಕರೆ ಹರಳಿಗೆ ಅಂಟಿಸಿರ್ತೀವಿ. ಜೋರಾಗಿ ಎಳೆದ್ರೆ ಸಣ್ಣದು ಬಿಡಿಸ್ಕೊಂಡು ಎದೆಗೆ ಹೋಗುತ್ತೆ, ದಪ್ಪದು ಬಾಯಲ್ಲಿ ನಿಲ್ಲುತ್ತೆ. ಮೆಲ್ಲಗೆ ಎಳೆದ್ರೆ ಎರಡೂ ಕೈಕೈ ಹಿಡ್ಕೊಂಡು ಗಂಟಲಲ್ಲೇ ಕೂರ್ತವೆ."

"ಅಂದ್ರೆ ತಿಂಗಳಿಂದ ಬರೀ ಸಕ್ಕರೆ ಚಪ್ಪರಿಸ್ತಿದ್ದೀನಿ ಅನ್ನು." ಮಾವ ಡಬ್ಬಿಯನ್ನು ತಿರುಗಿಸಿ ನೋಡಿದರು. "ಇದನ್ನ ಮಾಡಿದ ಪುಣ್ಯಾತ್ಮನಿಗೆ ಮೆಲ್ಲಗೆ ಎಳೆಯೋರೂ ಇರ್ತಾರೆ ಅಂತ ಹೊಳೀಲಿಲ್ವಾ?"

"ಅಂಥವರಿಗೆ ಮಂಜಿನ ಥರ ಬರೋದು ಬೇರೆ ಇದೆ. ಡಾಕ್ಟರನ್ನ ಕೇಳಬಹುದು. ಆದ್ರೆ ನಿಮ್ಮೆದೇಲಿ ಬಲ ಇದೆ ಮಾವ. ಅಡ್ಡ ಬಂದಿರೋದು ಬಿಗುಮಾನ, ತಪ್ಪು ತಿಳೀಬೇಡಿ."

ಮಾವ ಡಬ್ಬಿಯನ್ನು ಕೆಳಗಿಟ್ಟರು. ಸೊಸೆ ಕೇಳಿದಳು: "ಯುದ್ಧದ ಪದ್ಯ ಹೇಗೆ ಎತ್ತಿಕೊಳ್ತೀರಿ?"

"ಮೊದಲ ಅಕ್ಷರಕ್ಕೇ ಬಡೀತೀನಿ."

"ಹಾಗೇ ಎಳೀರಿ. ನೀವು ಜೋಗುಳ ಹಾಡ್ತಿದ್ದೀರಿ."

ಮರುದಿನ ಬೆಳಿಗ್ಗೆ ಮಾವ ಮುಖ ಪಕ್ಕಕ್ಕೆ ತಿರುಗಿಸಿ ಉಸಿರೆಲ್ಲ ಹೊರಗೆ ಬಿಟ್ಟರು, ತುಟಿ ಬಿಗಿದು ಒಂದೇ ಸಲಕ್ಕೆ ಎಳೆದರು. ಗರ್ರ್ರ್. ಅತ್ತೆ ಸೌಟು ಹಿಡಿದೇ ಓಡಿಬಂದರು.

"ಏನ್ರೀ ಅದು, ಮಿಕ್ಸಿ ಹಾಕಿದ್ರಾ?"

ಮಾವ ಉತ್ತರಿಸುವಂತಿರಲಿಲ್ಲ, ಉಸಿರು ಹಿಡಿದು ಕೂತಿದ್ದರು. ಹತ್ತು ಎಣಿಸಿದರೆ ಸಾಕಿತ್ತು. ಮೂವತ್ತಕ್ಕೆ ಬಿಟ್ಟರು. ಸೊಸೆ ಕ್ಯಾಪ್ಸೂಲನ್ನು ಬೆಳಕಿಗೆ ಹಿಡಿದಳು. ಗಾಜಿನಷ್ಟು ತಿಳಿ.

ಎರಡು ವಾರ ಕಳೆದು ಆ ಭಾನುವಾರ ಬಂತು. ಸಂಜೆ ಆರರ ಔಷಧವನ್ನು ಮಾವ ಪರದೆಯ ಹಿಂದೆ ಎಳೆದುಕೊಂಡರು. ಅವರ ಕೊರಳಪಟ್ಟಿಗೆ ಮೈಕು ಸಿಕ್ಕಿಸಿದ್ದ ದರ್ಜಿ ಅದನ್ನು ಆಗಲೇ ಚಾಲೂ ಮಾಡಿಬಿಟ್ಟಿದ್ದ. ಗರ್ರ್ರ್ ಎಂದು ಸಭಾಂಗಣವೇ ಗುಡುಗಿತು. ದರ್ಜಿ ಕಂಬದ ಮರೆಗೆ ಸರಿದ.

ಮಾವ ಹೊರಗೆ ಬಂದು ಕೂತರು, ಪುಸ್ತಕ ಬಿಚ್ಚಿದರು. "ಕೇಳಿಸ್ಕೊಂಡ್ರಲ್ಲ. ಇನ್ನು ಕೇಳಿಸೋದಿಲ್ಲ."

ಓದು ಸಾಗಿ ಕೊನೆಯ ಎಂಟು ಸಾಲಿಗೆ ಬಂತು. ಸೊಸೆ ಸೆರಗಿನೊಳಗೆ ಬೆರಳು ಮಡಚಿದಳು. ನಾಲ್ಕು. ಐದು. ಐದನೆಯದು ಉಳಿದವುಗಳ ಹಾಗೇ ಬಂತು, ಹೋಯಿತು. ಏಳಕ್ಕೆ ಸ್ವರ ಇನ್ನೂ ಏರಿತು. ಎಂಟನೆಯ ಸಾಲಿನ ಕೊನೆಯ ಅಕ್ಷರವನ್ನು ಮಾವ ಹೂವಿನ ಹಾಗೆ ಕೆಳಗಿಟ್ಟರು.

ಆ ಮೌನದಲ್ಲಿ ಸಭೆಗೆ ಕೇಳಿಸಿದ ಉಸಿರು ಒಂದೇ: ಎದುರು ಬೆಂಚಿನಲ್ಲಿ ಅತ್ತೆ ಬಿಟ್ಟದ್ದು.

ಮಾವ ಪುಸ್ತಕ ಮುಚ್ಚಿದರು. "ಪದ್ಯ ಕೆಡಿಸಿದೆಯಲ್ಲೇ."

"ಎಂಟು ಸಾಲು ನಾನೂ ಹಿಡಿದಿದ್ದೆ ಕಣ್ರೀ" ಎಂದರು ಅತ್ತೆ.