ಎಡಗಡೆ ಚಕ್ರದ ಶಬ್ದ

ಹಳೇ ಸ್ಪೋರ್ಟ್ಸ್ ಕಾರು ಸಾಕಿಕೊಂಡವರಿಗೆ ಕಣ್ಣಿಗಿಂತ ಕಿವಿ ಮುಖ್ಯ. ಮೀಟರುಗಳನ್ನು ನಂಬಿಕೊಂಡು ಹೊರಟರೆ ದೇವರೇ ಗತಿ. ಯಜಮಾನರ ಕೆಂಪು ಕಾರಿನಲ್ಲಿ ಪೆಟ್ರೋಲಿನ ಮುಳ್ಳು ತನಗೆ ಇಷ್ಟ ಬಂದ ಕಡೆ ವಾಲುತ್ತಿತ್ತು. ಇಂಜಿನ್ನಿನ ಬಿಸಿ ತೋರಿಸಬೇಕಾದ ಮುಳ್ಳು ಕಾರು ಕೊಂಡ ದಿನದಿಂದ ನಿದ್ದೆಯಲ್ಲೇ ಇತ್ತು. ವೇಗದ ಮುಳ್ಳು ಒಂದೇ ಸಮನೆ ನಡುಗುತ್ತಾ ಸುಮಾರಾಗಿ ಇಷ್ಟಿರಬಹುದು ಎಂದು ಹೇಳುತ್ತಿತ್ತು, ಅಷ್ಟೆ. ಇಂಜಿನ್ನಿಗೆ ಎಣ್ಣೆ ಏರುತ್ತಿದೆಯೋ, ಬೆಲ್ಟು ಸಡಿಲವಾಯಿತೋ, ಯಾವ ಚಕ್ರದ ಬೇರಿಂಗ್ ಗ್ರೀಸಿಲ್ಲದೆ ಒಣಗುತ್ತಿದೆಯೋ, ಇದನ್ನೆಲ್ಲ ಕೇಳಿಯೇ ತಿಳಿದುಕೊಳ್ಳಬೇಕಿತ್ತು.

ಯಜಮಾನರೆಂದರೆ ಪೇಟೆಬೀದಿಯ ಕನ್ನಡಕದಂಗಡಿಯ ಯಜಮಾನರು. ಅಂಗಡಿಯ ಕೆಲಸದವರಿಂದ ಹಿಡಿದು ಹೆಂಡತಿಯವರೆಗೆ ಎಲ್ಲರೂ ಹಾಗೇ ಕರೆಯುತ್ತಿದ್ದರು, ಹೆಂಡತಿ ಮಾತ್ರ ಒಂದು ಚಿಟಿಕೆ ಕುಹಕ ಸೇರಿಸಿ. ಕಾರಿಗೆ ಇದ್ದದ್ದು ಎರಡೇ ಸೀಟು, ಮೇಲೆ ಮಡಚುವ ಬಟ್ಟೆಯ ಚಾವಣಿ. ಮಳೆ ಬಂದರೆ ಹೊರಗಿನವರಿಗಿಂತ ಮೊದಲು ಒಳಗೆ ಕೂತವರ ತೊಡೆ ಒದ್ದೆಯಾಗುತ್ತಿತ್ತು. ದೀಪದ ಗಾಜೊಂದು ಒಡೆದರೆ ಹೊಸದು ಹಡಗು ಹತ್ತಿ ಬರಬೇಕು, ಅಲ್ಲಿಯವರೆಗೆ ಒಕ್ಕಣ್ಣಿನಲ್ಲೇ ಸಂಸಾರ. ಆದರೂ ಬೆಳಗಿನ ಖಾಲಿ ರಸ್ತೆಯಲ್ಲಿ ಮೂರನೇ ಗೇರಿನಲ್ಲಿ ತಿರುವು ತೆಗೆದುಕೊಂಡಾಗ ಎದೆಯೊಳಗೆ ಏನೋ ಉಕ್ಕಿ ಬರುತ್ತಿತ್ತು. ಅಂಗಡಿಯಲ್ಲಿ ದಿನವಿಡೀ ಗಾಜು ಒರೆಸುವ ಮನುಷ್ಯನಿಗೆ ಅದು ಬೇರೆಲ್ಲಿ ಸಿಗಬೇಕು? ಆ ಖುಷಿಗಾಗಿ ಅವರು ಎಷ್ಟು ತಲೆನೋವನ್ನಾದರೂ ಹೊರಲು ತಯಾರಿದ್ದರು.

ಹೊರುವ ಪಾಲು ಹೆಂಡತಿಗೂ ಬರುತ್ತಿತ್ತು. ಆಕೆ ಶಿಶುವಿಹಾರದ ಟೀಚರು, ಬೀದಿಯವರೆಲ್ಲರ ಬಾಯಲ್ಲಿ ಟೀಚರಮ್ಮ. ಬೆಳಗಿನಿಂದ ಪುಟಾಣಿಗಳ ಗಲಾಟೆ ಕೇಳಿ ಕೇಳಿ ಸಾಕಾಗಿ ಕಾರಿನಲ್ಲಿ ಕೂತರೆ ಯಜಮಾನರು ಶುರು ಮಾಡುತ್ತಿದ್ದರು: ಏನೋ ಶಬ್ದ ಬರ್ತಿದೆ, ನಿಂಗೆ ಕೇಳಿಸ್ತಾ? ಮದುವೆಯಾದ ಹೊಸದರಲ್ಲಿ ಟೀಚರಮ್ಮ ಪಾಪ, ಹೌದು ಅಂದುಬಿಟ್ಟಿದ್ದರು. ಹೌದು ಅಂದರೆ ಮುಗಿಯಿತು, ಕಾರು ರಸ್ತೆಬದಿಗೆ, ಬಾನೆಟ್ಟು ಮೇಲಕ್ಕೆ, ಯಜಮಾನರ ತಲೆ ಒಳಕ್ಕೆ. ಹೋಗಬೇಕಾದ ಮನೆಯಲ್ಲಿ ಊಟ ಆರಿ ತಣ್ಣಗಾಗುತ್ತಿತ್ತು. ಇಷ್ಟಾಗಿ ಟೀಚರಮ್ಮ ಹೇಳಿದ ಶಬ್ದವೆಲ್ಲ ಮಾಮೂಲಿನದೇ, ಯಜಮಾನರಿಗೆ ಕೇಳಿಸಿದ್ದು ಮಾತ್ರ ನಿಜವಾದದ್ದು ಎಂದು ತೀರ್ಮಾನವಾಗುತ್ತಿತ್ತು. ಅಂದಿನಿಂದ ಅವರು ಒಂದೇ ಉತ್ತರ ಕಲಿತರು. ಕೇಳಿಸ್ತಾ ಅಂದರೆ ಏನೂ ಇಲ್ಲ. ಅದು ನಿದ್ದೆಗಣ್ಣಿನಲ್ಲೂ ಬರುವಷ್ಟು ರೂಢಿಯಾಗಿ ಹೋಯಿತು.

ಯಜಮಾನರ ಕಿವಿ ಕೈಕೊಡಲು ಶುರುವಾದದ್ದು ಹೋದ ವರ್ಷ. ಮೊದಲು ಹೋದದ್ದು ಇಂಡಿಕೇಟರಿನ ಟಿಕ್ ಟಿಕ್. ತಿರುವು ಮುಗಿದು ಎಷ್ಟೋ ಹೊತ್ತಾದರೂ ಅದನ್ನು ಆರಿಸದೆ ಹೋಗುತ್ತಿದ್ದರು, ಹಿಂದಿನವರು ಬೈದುಕೊಂಡು ಮುಂದೆ ಹೋಗುತ್ತಿದ್ದರು. ದಪ್ಪ ಸದ್ದುಗಳು ಇದ್ದವು. ಇಂಜಿನ್ನಿನ ಗುಡುಗುಡು ಹಾಗೇ ಇತ್ತು, ಗಂಡಸರ ಮಾತೂ ಪರವಾಗಿಲ್ಲ. ಸಣ್ಣ ಸದ್ದುಗಳು ಮಾತ್ರ ಒಂದೊಂದಾಗಿ ಹೇಳದೆ ಕೇಳದೆ ಮನೆ ಬಿಟ್ಟು ಹೋದವು. ಎದುರಿಗೆ ಕೂತು, ಮುಖ ನೋಡಿಕೊಂಡು ಮಾತಾಡಿದರೆ ಹೇಗೋ ನಿಭಾಯಿಸುತ್ತಿದ್ದರು. ಉಳಿದ ಕಡೆ ತಲೆ ಆಡಿಸುವುದನ್ನು ಕಲಿತರು. ತಲೆ ಆಡಿಸಿ ಸ್ವಲ್ಪ ನಕ್ಕರೆ ಲೋಕದಲ್ಲಿ ಮುಕ್ಕಾಲು ಪಾಲು ಕೆಲಸ ನಡೆದುಹೋಗುತ್ತದೆ ಎಂಬುದು ಅವರಿಗೇ ಆಶ್ಚರ್ಯವಾಗಿತ್ತು.

ದೃಷ್ಟಿ ಮಂಜಾಯಿತು ಎಂದು ಅಳುಮುಖ ಮಾಡಿಕೊಂಡು ಬಂದ ಗಿರಾಕಿಗಳಿಗೆ, ಇದರಲ್ಲಿ ನಾಚಿಕೆ ಏನು ಬಂತು, ಕನ್ನಡಕ ಹಾಕ್ಕೊಳ್ಳಿ, ಮುಗೀತು ಎಂದು ದಿನಾ ಬುದ್ಧಿ ಹೇಳುವ ಮನುಷ್ಯ ಇವರು. ಆ ಬುದ್ಧಿ ತಮ್ಮ ಕಿವಿಯ ಹತ್ತಿರವೂ ಸುಳಿಯಲಿಲ್ಲ. ಕಿವಿ ಡಾಕ್ಟರಲ್ಲಿಗೆ ಹೋದರೆ ಮಗಳಿಗೆ ಗೊತ್ತಾಗುತ್ತದೆ, ಮಗಳಿಗೆ ಗೊತ್ತಾದರೆ ಕಾರು ಮಾರಿಬಿಡಿ ಅನ್ನುತ್ತಾಳೆ. ಆ ಒಂದು ಭಯ ಬೆಳಿಗ್ಗೆ ಹಲ್ಲುಜ್ಜುವಾಗಿನಿಂದ ರಾತ್ರಿ ದಿಂಬಿಗೆ ತಲೆ ಕೊಡುವವರೆಗೆ ಅವರ ಬೆನ್ನು ಬಿಡುತ್ತಿರಲಿಲ್ಲ.

ಮೆಕ್ಯಾನಿಕ್ಕಿನ ಕಡೆ ತಲೆ ಹಾಕುವುದನ್ನೂ ನಿಲ್ಲಿಸಿದರು. ಅವನು ಹಳೇ ಸ್ನೇಹಿತ. ಇಂಜಿನ್ ಚಾಲೂ ಮಾಡಿ, ನೀವೇ ಹೇಳಿ ಸಾರ್, ನಿಮ್ಮ ಕಿವಿ ಮುಂದೆ ನಂದೇನು ಎಂದು ಇವರನ್ನೇ ಕೇಳುವ ಅಭ್ಯಾಸ ಅವನದು. ಹಿಂದೆ ಆ ಮಾತಿಗೆ ಉಬ್ಬಿಹೋಗುತ್ತಿದ್ದವರು ಈಗ ಅದನ್ನು ನೆನೆದರೆ ಬೆವರುತ್ತಿದ್ದರು. ಹೀಗಾಗಿ ಒಂದಿಡೀ ವರ್ಷ ಯಾರೂ ಆ ಕಾರಿನ ಚಕ್ರ ಬಿಚ್ಚಿ ಗ್ರೀಸು ಹಾಕಿರಲಿಲ್ಲ.

ಅದಕ್ಕೆ ಬದಲಾಗಿ ಯಜಮಾನರು ಒಂದು ಉಪಾಯ ಹೂಡಿದ್ದರು. ಕಾರು ತೆಗೆದಾಗಲೆಲ್ಲ ಹೆಂಡತಿಯನ್ನು ಕರೆದುಕೊಂಡು ಹೋಗುವುದು. ಟೀಚರಮ್ಮನಿಗೆ ಮೊದಲು ನಂಬಲಾಗಲಿಲ್ಲ. ಆಮೇಲೆ ಕಾಯತೊಡಗಿದರು, ಸ್ಕಾರ್ಫ್ ಕಟ್ಟಿಕೊಂಡು ಗೇಟಿನ ಹತ್ತಿರ ನಿಂತಿರುತ್ತಿದ್ದರು. ದಾರಿಯುದ್ದಕ್ಕೂ ಮಾತಾಡುತ್ತಿದ್ದರು. ಯಜಮಾನರು ತಲೆ ಆಡಿಸುತ್ತಿದ್ದರು. ನಡುನಡುವೆ ಏನೂ ಅಲ್ಲವೆಂಬಂತೆ, ಶಬ್ದ ಏನಾದ್ರೂ ಬರ್ತಿದೆಯಾ ಎಂದು ಕೇಳಿ ಅವಳ ಮುಖ ನೋಡುತ್ತಿದ್ದರು. ಏನೂ ಇಲ್ಲ ಎಂದು ಟೀಚರಮ್ಮನ ತುಟಿ ಆಡುತ್ತಿತ್ತು. ಆ ಎರಡು ಪದದ ಮೇಲೆ ಪ್ರಾಣ ಇಟ್ಟು ಯಜಮಾನರು ಗೇರು ಬದಲಿಸುತ್ತಿದ್ದರು.

ಆ ಭಾನುವಾರ ಹೊರಟದ್ದು ಬೆಟ್ಟದ ಆಚೆ ಇರುವ ಮಗಳ ಮನೆಗೆ. ಮೊಮ್ಮಗಳು ಪುಟ್ಟಿಗೆ ಏಳು ತುಂಬಿತ್ತು. ಏಳಾದ ಮೇಲೆ ಕೆಂಪು ಕಾರಿನಲ್ಲಿ ಒಂದು ಸುತ್ತು ಎಂದು ತಾತ ಮಾತು ಕೊಟ್ಟಿದ್ದರು. ಒಪ್ಪಿಕೊಂಡಾಗ ಹೊಳೆಯದಿದ್ದ ವಿಷಯ ಬೆಟ್ಟ ಹತ್ತುವಾಗ ಹೊಳೆಯಿತು. ಇರುವುದು ಎರಡೇ ಸೀಟು. ಪುಟ್ಟಿ ಕೂತರೆ ಟೀಚರಮ್ಮ ಇಳಿಯಬೇಕು. ಏನೂ ಇಲ್ಲ ಎಂದು ಹೇಳುವವರು ಪಕ್ಕದಲ್ಲಿ ಇರುವುದಿಲ್ಲ.

ಬೆಟ್ಟ ಇಳಿಯುವಾಗ ಸ್ಟೀರಿಂಗಿನಿಂದ ಕೈಗೆ ಸಣ್ಣ ಅದುರು ಬಂದ ಹಾಗಾಯಿತು. ರಸ್ತೆ ಸರಿಯಿಲ್ಲ ಎಂದುಕೊಂಡರು. ಒಂದು ತಿರುವಿನಲ್ಲಿ ಎದುರಿಗೆ ಬಂದ ಸೈಕಲ್ಲಿನವನು ಪೆಡಲು ತುಳಿಯುವುದನ್ನು ಬಿಟ್ಟು ಇವರ ಕಾರನ್ನೇ ನೋಡಿದ. ಕೆಂಪು ಕಾರನ್ನು ಜನ ನೋಡದೆ ಇರುತ್ತಾರೆಯೇ ಎಂದು ಅದಕ್ಕೂ ಸಮಾಧಾನ ಹೇಳಿಕೊಂಡರು. ಟೀಚರಮ್ಮ ಮಾತು ನಿಲ್ಲಿಸಿ ಕೆಳಗೆ, ತಮ್ಮ ಕಾಲಿನ ಕಡೆ ನೋಡುತ್ತಿದ್ದರು. ಶಬ್ದ ಏನಾದ್ರೂ ಬರ್ತಿದೆಯಾ ಎಂದು ಯಜಮಾನರು ಕೇಳಿದರು. ಟೀಚರಮ್ಮ ಅವರ ಮುಖವನ್ನು ಒಂದು ಗಳಿಗೆ ದಿಟ್ಟಿಸಿ, ಎಂದಿನ ಹಾಗೆ ಏನೂ ಇಲ್ಲ ಅಂದರು. ಯಜಮಾನರು ಉಸಿರು ಬಿಟ್ಟರು.

ಮನೆ ಮುಂದೆ ನಿಲ್ಲಿಸಿದ್ದೇ ತಡ, ಪುಟ್ಟಿ ಚಪ್ಪಲಿಯನ್ನೂ ಹಾಕಿಕೊಳ್ಳದೆ ಓಡಿ ಬಂದಳು. ಕಾಫಿ ಕುಡಿದು ಹೋಗಿ ಎಂದು ಮಗಳು ಹೇಳಿದ್ದನ್ನು ಅವಳ ಕೈಸನ್ನೆಯಿಂದ ಊಹಿಸಿ, ಬಂದ ಮೇಲೆ ಎಂದು ಯಜಮಾನರು ಇಂಜಿನ್ ಆರಿಸದೆಯೇ ಕೂತರು. ಇಳಿದರೆ ಧೈರ್ಯವೂ ಇಳಿದು ಹೋಗುತ್ತದೆ ಎಂದು ಅವರಿಗೆ ಗೊತ್ತಿತ್ತು. ಟೀಚರಮ್ಮ ಇಳಿದು ಪುಟ್ಟಿಯನ್ನು ಕೂರಿಸಿ ಬೆಲ್ಟು ಬಿಗಿದರು. ಆಮೇಲೆ ಈ ಬದಿಗೆ ಬಂದು, ಕಿಟಕಿಯ ಹತ್ತಿರ ಬಗ್ಗಿ, ಏನೋ ಕೇಳಿದರು. ಮಾತು ಸ್ವಲ್ಪ ಉದ್ದವಿತ್ತು. ಅವರ ಕೈ ಕಾರಿನ ಮುಂಭಾಗದ ಕಡೆ ಹೋಗಿ ಬಂತು. ನಿಧಾನ ಹೋಗಿ ಅಂತಿರಬೇಕು, ಇನ್ನೇನು ಹೇಳುತ್ತಾಳೆ. ಯಜಮಾನರು ತಲೆ ಆಡಿಸಿದರು. ಟೀಚರಮ್ಮನ ಹುಬ್ಬು ಸಡಿಲವಾಯಿತು, ಹಿಂದೆ ಸರಿದರು.

ಕಾರು ಮನೆಗಳ ಸಾಲು ದಾಟಿ ಕಾಲುವೆಯ ಪಕ್ಕದ ರಸ್ತೆಗೆ ಬಂತು. ಮೈಯೆಲ್ಲ ಕಿವಿಯಾಗಿಸಿಕೊಂಡು ಯಜಮಾನರು ಕೂತಿದ್ದರು. ಇಂಜಿನ್ ಗುಡುಗುಡು ಅನ್ನುತ್ತಿತ್ತು, ಅದರಾಚೆ ಬರೀ ಮೌನ. ಎಷ್ಟು ನಯವಾಗಿ ಓಡ್ತಿದೆ ನೋಡು ಎಂದು ಮನಸ್ಸಿಗೆ ಒಪ್ಪಿಸಿದರು. ಭಯ ಸ್ವಲ್ಪ ಹಿಂದೆ ಸರಿದ ಜಾಗಕ್ಕೆ ಹಳೆಯ ಖುಷಿ ಮೆಲ್ಲಗೆ ಬಂದು ಕೂತಿತು. ಮೂರನೇ ಗೇರಿಗೆ ಹಾಕಿದರು. ಮಗು ಎಷ್ಟು ಸಂತೋಷಪಡುತ್ತಿದೆಯೋ ನೋಡೋಣವೆಂದು ಪಕ್ಕಕ್ಕೆ ತಿರುಗಿದರು.

ಪುಟ್ಟಿ ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡಿದ್ದಳು. ಕಣ್ಣನ್ನೂ ಬಿಗಿಯಾಗಿ ಮುಚ್ಚಿದ್ದಳು. ಅವಳ ಬಾಯಿ ತೆರೆದಿತ್ತು, ಏನನ್ನೋ ಕೂಗಿ ಹೇಳುತ್ತಿದ್ದಳು, ಎಷ್ಟು ಹೊತ್ತಿನಿಂದಲೋ.

ಯಜಮಾನರು ಬ್ರೇಕು ತುಳಿದರು. ಕಾರು ಎಡಕ್ಕೆ ಎಳೆದು, ಕಾಲುವೆಯ ಕಟ್ಟೆಗೆ ಸ್ವಲ್ಪ ಈಚೆ ನಿಂತಿತು. ಇಳಿದು ಬಂದು ನೋಡಿದರೆ ಮುಂದಿನ ಎಡಗಡೆ ಚಕ್ರದಿಂದ ತೆಳ್ಳಗೆ ಹೊಗೆ ಏಳುತ್ತಿತ್ತು. ನಡುವಿನ ಕಬ್ಬಿಣಕ್ಕೆ ಬೆರಳು ತಾಗಿಸಿ ಚುರುಕ್ಕೆಂದು ಹಿಂದಕ್ಕೆ ಎಳೆದುಕೊಂಡರು. ಟೈರನ್ನು ಹಿಡಿದು ಅಲ್ಲಾಡಿಸಿದರೆ ಚಕ್ರಕ್ಕೆ ಚಕ್ರವೇ ಅಲ್ಲಾಡಿತು. ಬೇರಿಂಗ್ ಪೂರ್ತಿ ಸವೆದುಹೋಗಿತ್ತು. ಇನ್ನೊಂದು ತಿರುವು ಹೋಗಿದ್ದರೆ ಚಕ್ರ ಕಳಚಿ ಒಂದು ದಾರಿ, ಕಾರು ಒಂದು ದಾರಿ. ಕಾಲುವೆ ಪಕ್ಕದಲ್ಲೇ ತುಂಬಿ ಹರಿಯುತ್ತಿತ್ತು.

ಬೆಲ್ಟು ಬಿಚ್ಚಿ ಮಗುವನ್ನು ಎತ್ತಿಕೊಂಡರು. ಪುಟ್ಟಿ ಅವರ ಕುತ್ತಿಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಯಾಕೆ ತಾತ ನಿಲ್ಲಿಸ್ಲಿಲ್ಲ, ನಾನು ಅಷ್ಟು ಕೂಗಿದ್ನಲ್ಲ ಎಂದು ಮುಖಕ್ಕೆ ಮುಖ ಕೊಟ್ಟು ಕೇಳಿದಳು. ಆ ಮಾತು ಮಾತ್ರ ಅಕ್ಷರ ಬಿಡದೆ ಕೇಳಿಸಿತು.

ಮಗುವನ್ನು ಇಳಿಸಿ, ಕೈ ಹಿಡಿದು ಮನೆ ಕಡೆ ತಿರುಗಿದಾಗ ಟೀಚರಮ್ಮ ಎದುರಿನಿಂದ ಓಡಿಬರುತ್ತಿದ್ದರು. ಕಾರು ಹೊರಟಾಗಲೇ ಚಕ್ರದ ಕಿರುಚಾಟ ಕೇಳಿ ಅವರಿಗೆ ಜೀವ ನಿಂತಿರಲಿಲ್ಲ. ಪುಟ್ಟಿಯನ್ನು ಅಡಿಯಿಂದ ಮುಡಿಯವರೆಗೆ ಮುಟ್ಟಿ ನೋಡಿದರು. ಚಕ್ರವನ್ನೂ ನೋಡಿದರು. ಆಮೇಲೆ ಗಂಡನ ಎದುರಿಗೆ ನಿಂತರು.

"ಕಿಟಕಿ ಹತ್ರ ನಿಂತು ಕೇಳಿದ್ನಲ್ಲ ರೀ. ಎಡಗಡೆ ಚಕ್ರ ಬೆಟ್ಟ ಇಳಿಯೋವಾಗ್ಲಿಂದ ಕಿರುಚ್ತಿದೆ, ಮಗೂನ ಕೂರಿಸ್ಕೊಂಡು ಹೋಗ್ಬಹುದಾ ಅಂತ. ನೀವು ತಲೆ ಆಡಿಸಿದ್ರಿ."

"ಬೆಟ್ಟದ ಮೇಲೆ ನಾನು ಕೇಳಿದಾಗ ಏನೂ ಇಲ್ಲ ಅಂದೆಯಲ್ಲ?"

"ನಾನು ಯಾವತ್ತು ಬೇರೆ ಹೇಳಿದ್ದೀನಿ? ನಂಗೇ ಅಷ್ಟು ಜೋರಾಗಿ ಕೇಳಿಸ್ತಿರೋವಾಗ ನಿಮಗೆ ಕೇಳಿಸ್ದೆ ಇರುತ್ತಾ ಅಂತ ಸುಮ್ನಿದ್ದೆ. ಅಂಥದ್ದೇನಾದ್ರೂ ಇದ್ರೆ ನೀವೇ ನಿಲ್ಲಿಸ್ತಿದ್ರಿ."

"ನಂಗೆ ಕೇಳಿಸ್ಲಿಲ್ಲ."

ಇಂಜಿನ್ ಸದ್ದಿನಲ್ಲಾ, ಎಂದು ಟೀಚರಮ್ಮ ಕೇಳಿದರು. ಹೌದು ಅಂದುಬಿಟ್ಟಿದ್ದರೆ ಅಲ್ಲಿಗೆ ಮುಗಿದುಹೋಗುತ್ತಿತ್ತು. ನಾಲಿಗೆಯ ತುದಿಯವರೆಗೆ ಬಂದೂ ಇತ್ತು. ಆದರೆ ಪುಟ್ಟಿಯ ಕೈ ಅವರ ಕೈಯೊಳಗೇ ಇತ್ತು, ಇನ್ನೂ ಬೆವರಿತ್ತು.

"ಅಲ್ಲ ಕಣೇ. ಒಂದು ವರ್ಷದಿಂದ ಕೇಳಿಸ್ತಿಲ್ಲ. ಕಿಟಕಿ ಹತ್ರ ನೀನು ಅಂದಿದ್ದೂ ಕೇಳಿಸ್ಲಿಲ್ಲ. ಅದಕ್ಕೇ ನಿನ್ನ ಕರ್ಕೊಂಡು ಓಡಾಡ್ತಿದ್ದೆ, ಶಬ್ದ ಬಂದ್ರೆ ನೀನು ಹೇಳ್ತೀಯ ಅಂತ."

ಬೈಯುತ್ತಾಳೆ ಎಂದು ಯಜಮಾನರು ಕಾದರು. ಮಗಳಿಗೆ ಹೇಳುತ್ತಾಳೆ, ಕಾರು ಇವತ್ತೇ ಹೋಗುತ್ತದೆ. ಹೋದರೆ ಹೋಗಲಿ, ಅದಕ್ಕೂ ಅವರು ತಯಾರಾಗಿದ್ದರು. ಆದರೆ ಟೀಚರಮ್ಮ ಕಾರಿನ ಕಡೆ ನೋಡಲೂ ಇಲ್ಲ. ಲೆಕ್ಕ ತಪ್ಪಿದವರ ಹಾಗೆ ಏನನ್ನೋ ಹಿಂದಿನಿಂದ ನೆನಪು ಮಾಡಿಕೊಳ್ಳುತ್ತಿದ್ದರು.

"ಹಾಗಾದ್ರೆ ಕಾರಲ್ಲಿ ನಾನು ಮಾತಾಡಿದ್ದು?"

ಯಜಮಾನರು ಇಲ್ಲವೆಂದು ಕೈಯಾಡಿಸಿದರು.

"ಕೆರೆ ಏರಿ ಮೇಲಿಂದ ಬರೋವಾಗ ಹೇಳಿದ್ದು?"

ಆ ಸಂಜೆ ಯಜಮಾನರಿಗೆ ಚೆನ್ನಾಗಿ ನೆನಪಿತ್ತು. ಬಿಸಿಲು ಇಳಿದಿತ್ತು, ಕಾರು ಹೂವಿನ ಹಾಗೆ ಓಡುತ್ತಿತ್ತು. ಹೆಂಡತಿ ದಾರಿಯುದ್ದಕ್ಕೂ ಮಾತಾಡಿದ್ದಳು, ಕೊನೆಗೆ ಸ್ಕಾರ್ಫಿನ ತುದಿಯಿಂದ ಕಣ್ಣು ಒರೆಸಿಕೊಂಡಿದ್ದಳು. ಗಾಳಿಗೆ ಕಣ್ಣಲ್ಲಿ ನೀರು ಬಂದಿದೆ ಅಂದುಕೊಂಡಿದ್ದರು.

"ತಲೆ ಆಡಿಸಿದ್ದೆ ಅಲ್ವಾ," ಅಂದರು ಯಜಮಾನರು.

"ನಕ್ಕಿದ್ರಿ ಕೂಡ," ಅಂದರು ಟೀಚರಮ್ಮ.

ಯಜಮಾನರಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಇನ್ನೊಂದು ಸಲ ಹೇಳು, ಈಗ ಹೇಳು ಎಂದು ಕೇಳಿಕೊಂಡರು. ಟೀಚರಮ್ಮ ಅವರ ಕೈಯಿಂದ ಮಗುವಿನ ಕೈಯನ್ನು ಬಿಡಿಸಿಕೊಂಡು ಮನೆ ಕಡೆ ನಡೆದರು. ಕಾರಿನ ಕೀಲಿ ಅದರಲ್ಲೇ ನೇತಾಡುತ್ತಿತ್ತು, ಬಾಗಿಲು ತೆರೆದೇ ಇತ್ತು. ಯಜಮಾನರು ಅದನ್ನು ಹಾಗೇ ಬಿಟ್ಟು ಹಿಂದೆ ಹೊರಟರು. ಮುಂದೆ ಹೋಗುತ್ತಿದ್ದ ಹೆಂಡತಿಯ ಬೆನ್ನು ಮಾತ್ರ ಕಾಣುತ್ತಿತ್ತು. ಅವಳ ಇನ್ನೊಂದು ಕೈ ಮೇಲೆ ಕೆಳಗೆ ಆಡುತ್ತಿತ್ತು. ಏನೋ ಹೇಳುತ್ತಿದ್ದಳು. ಮಗುವಿಗೋ ತಮಗೋ ತಿಳಿಯದೆ, ಯಜಮಾನರು ಎಡವುತ್ತಾ ಬೇಗ ಬೇಗ ಹೆಜ್ಜೆ ಹಾಕಿದರು.