ತಿರುಗಿ ಬಂದ ಹೋಳಿಗೆ

ಹತ್ತು ಗಂಟೆಗೆ ಮನೆ, ಹನ್ನೊಂದಕ್ಕೆ ಚರ್ಚಿನಲ್ಲಿ ಆರಾಧನೆ, ಹನ್ನೆರಡೂವರೆಗೆ ಸಮಾಧಿ, ಆಮೇಲೆ ಚರ್ಚಿನ ಹಾಲ್‌ನಲ್ಲಿ ಊಟ: ಈ ಕ್ರಮವನ್ನು ರುದ್ರೇಶ ಶವವಾಹನದ ಚಾಲಕನಿಗೆ ಎರಡನೆಯ ಸಲ ಹೇಳುತ್ತಿದ್ದಾಗ, ಪಕ್ಕದ ಮನೆಯ ಬಸಲಿಂಗವ್ವ ಗೇಟಿನ ಹೊರಗೆ ಬಂದು ನಿಂತರು.

ಒಳಗೆ ಅಮೃತಪ್ಪನವರ ದೇಹವಿತ್ತು. ಧಾರವಾಡದ ಮಿಶನ್ ಕಾಂಪೌಂಡಿನಲ್ಲಿ ಹುಟ್ಟಿ, ವಿಲಾಯತಿಗೆ ಬಂದು, ಇಲ್ಲಿನ ವಿಮಾನ ನಿಲ್ದಾಣದ ಸರಕು ವಿಭಾಗದಲ್ಲಿ ದುಡಿದು ನಿವೃತ್ತರಾದವರು ಅವರು. ಹೌನ್ಸ್ಲೋದ ಈ ಮನೆಯಲ್ಲಿ ಪ್ರತಿ ಶುಕ್ರವಾರ ಕನ್ನಡ ಪ್ರಾರ್ಥನಾಕೂಟ ನಡೆಸುತ್ತಿದ್ದರು. ರುದ್ರೇಶ ಆ ಕೂಟದಲ್ಲೇ ಕ್ರಿಸ್ತನ ವಿಶ್ವಾಸಕ್ಕೆ ಬಂದು, ಅವರನ್ನು ಕಾಕಾ ಎನ್ನುತ್ತಿದ್ದವನು.

“ಒಳಗ ಬರ್ರಿ, ಅವ್ವಾರ. ಕಾಕಾನ ಮುಖಾ ನೋಡೀರಂತ.”

“ಚರ್ಚಿನ್ಯಾಗ ನೋಡತೇನಿ ಬಿಡಪಾ.”

“ಥಂಡಿ ಭಾಳ ಐತ್ರಿ.”

“ಮೂವತ್ತು ವರ್ಷದಿಂದ ಐತಿ. ಇವತ್ತೇನ ಹೊಸದಾ?” ಬಸಲಿಂಗವ್ವ ದನಿ ತಗ್ಗಿಸಿದರು. “ನನ್ನ ಕೈಯಾಗಿಂದು ಬ್ಯಾಡಾದವರ ಮನಿಗೆ ನನ್ನ ಕಾಲರ ಯಾಕ?”

ರುದ್ರೇಶನಿಗೆ ಅರ್ಥವಾಗಲಿಲ್ಲ. ಅವರೇ ವಿವರಿಸಿದರು. ಪ್ರತಿ ದೀಪಾವಳಿಗೆ ದೇವರಿಗೆ ಎಡೆ ಹಿಡಿದ ಮೇಲೆ ಶೇಂಗಾ ಹೋಳಿಗೆಯ ಮೊದಲ ತಟ್ಟೆ ಅಮೃತಪ್ಪನವರ ಮನೆಗೆ ಬರುತ್ತಿತ್ತು. ತಮ್ಮ ಗಂಡ ತೀರಿದ ವರ್ಷ ಬಸಲಿಂಗವ್ವ ಹಬ್ಬ ಮಾಡಲಿಲ್ಲ. ಮರುವರ್ಷ ಕಳಿಸಿದ ತಟ್ಟೆ, ಮುಚ್ಚಿದ ಬಟ್ಟೆ ಸಹಿತ ಹಾಗೆಯೇ, ಕಾರಣ ತಿಳಿಸದೆ ತಿರುಗಿ ಬಂತು. ಅದರ ಮುಂದಿನ ವರ್ಷವೂ ಬಂತು. ಮತ್ತೆ ಅವರು ಕಳಿಸಲಿಲ್ಲ.

“ಗಂಡ ಸತ್ತಾಕಿ ಮಾಡಿದ್ದು ತಿನಬಾರದಂತ. ನಮ್ಮ ಮಂದಿ ಹಂಗ ಅಂದಿದ್ರ ಜಗಳಾನರ ಆಡತಿದ್ದೆ. ಕ್ರಿಸ್ತಾನರೂ ಹಂಗ ಅಂತಾರಂತ ನನಗ ಗೊತ್ತಿರಲಿಲ್ಲ.”

“ಕಾಕಾ ಅಂಥಾವ್ರಲ್ರಿ.”

“ತಾಟು ತಿರುಗಿ ಬಂದದ್ದು ಸುಳ್ಳೇನು?”

ಶವಪೆಟ್ಟಿಗೆ ಹೊರಗೆ ಬರುತ್ತಿತ್ತು. ರುದ್ರೇಶ ಹೆಗಲು ಕೊಡಲು ಹೋದ.

*

ಬಸಲಿಂಗವ್ವ ಹಬ್ಬ ಮಾಡದ ಆ ವರ್ಷ, ಹ್ಯಾರೋದ ಪರಿಚಿತರೊಬ್ಬರು ದೀಪಾವಳಿಯ ಊಟಕ್ಕೆ ಕರೆದಿದ್ದರು. ಎಡೆ ಹಿಡಿದ ಅಡುಗೆಯನ್ನು ಅಮೃತಪ್ಪನವರು ನಿರಾತಂಕವಾಗಿ ಉಂಡರು. ದೀಕ್ಷಾಸ್ನಾನ ಪಡೆದು ಕೆಲವೇ ತಿಂಗಳಾಗಿದ್ದ ರುದ್ರೇಶ ಅವರನ್ನು ನೋಡಿ ತಾನೂ ಉಂಡ. ಅನಂತರ ಅವನು ಕೂಟಕ್ಕೆ ಬರುವುದು ನಿಂತಿತು. ಕೆಲವು ವಾರ ಕಾದು, ಅಮೃತಪ್ಪನವರು ಬಸ್ಸು ಹಿಡಿದು ಅವನ ಬಾಡಿಗೆ ಕೋಣೆಗೆ ಹೋದರು.

“ಎಡಿ ಉಂಡಾಂವ ಆ ದೇವರ ಒಕ್ಕಲು ಅಂತಾರ್ರಿ ನಮ್ಮನ್ಯಾಗ,” ಎಂದ ರುದ್ರೇಶ. “ನೀವು ಉಂಡ್ರಿ, ನಾನೂ ಉಂಡೆ. ಈಗ ಪ್ರಾರ್ಥನಾಕ್ಕ ಕುಂತ್ರ ಬಾಯಿ ಏಳವಲ್ದು. ಎರಡೂ ಕಡೆ ಸುಳ್ಳು ಹೇಳಿದಂಗ ಆಗೇತಿ.”

ಅಮೃತಪ್ಪನವರು ವಾದಿಸಲಿಲ್ಲ.

“ನಿಂದೇನ ತಪ್ಪಿಲ್ಲೋ ತಮ್ಮಾ. ಬಾಜೂಕ ನೀ ಕುಂತೀದಿ ಅನ್ನೂದು ನೋಡಿ ನಾ ಉಣಬೇಕಾಗಿತ್ತು. ಶುಕ್ರವಾರ ಬಾ.”

ಮನೆಗೆ ಬಂದವರೇ ಹೆಂಡತಿ ಕರುಣಾಬಾಯಿಗೆ ಹೇಳಿದರು: “ಇನ್ನ ಮ್ಯಾಲ ಎಡಿ ಹಿಡಿದದ್ದು ಯಾರ ಮನೀದೂ ಬ್ಯಾಡ.”

“ತಿಂದ್ರ ಪಾಪ ಅನಸ್ತದೇನ್ರಿ ನಿಮಗ?”

“ನನಗೇನೂ ಅನಸೂದಿಲ್ಲ. ಹೋಳಿಗಿ ಅಂದ್ರ ಹೋಳಿಗಿ. ಆದ್ರ ನನ್ನ ಹೋಳಿಗಿ ಸಲುವಾಗಿ ಆ ಹುಡುಗ ಕ್ರಿಸ್ತನ್ನ ಕಳಕೋಬಾರದು.”

“ಹಂಗಾರ ಬಸಲಿಂಗವ್ವಗ ಕಾರಣಾ ಹೇಳ್ರಿ. ನಾಳೆ ಆಕಿ ಹಬ್ಬ ಮಾಡಿದ್ರ ಕಳಸೇ ಕಳಸ್ತಾಳ.”

“ಹೇಳಿದ್ರ ಆಕಿ ಅವನ್ನ ಬಿಡತಾಳೇನು? ದಾರ್ಯಾಗ ನಿಲ್ಲಿಸಿ ಬೈತಾಳ. ಬೈಯೂದಿದ್ರ ನನ್ನ ಬೈಲಿ.”

*

ಸಮಾಧಿಗೆ ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು. ಹಾಲ್‌ನಲ್ಲಿ ಬಸಲಿಂಗವ್ವ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೋಟು ತೆಗೆಯದೆ ಕುಳಿತರು. ಅಮೃತಪ್ಪನವರ ಮೊಮ್ಮಗಳು ಸೃಷ್ಟಿ ತಟ್ಟೆ ತಂದು ನಿಂತಳು.

“ಇದು ವೆಜ್, ಅಜ್ಜಿ. ಪ್ರಾಮಿಸ್.”

“ಅದಕ್ಕಲ್ಲವಾ. ನಾ ಹೊಂಟೆ ಇನ್ನ. ಬಸ್ಸು ಬರೂ ಹೊತ್ತಾತು.”

ರುದ್ರೇಶ ಹಾಲ್‌ನ ಅಡುಗೆಕೋಣೆಗೆ ಹೋಗಿ, ಗೇಟಿನ ಬಳಿ ಕೇಳಿದ್ದನ್ನು ಕರುಣಾಬಾಯಿಗೆ ಹೇಳಿದ. ಅವರು ಚಹಾದ ಪಾತ್ರೆಯನ್ನು ಕೆಳಗಿಟ್ಟರು. ಗಂಡ ಎಡೆಯ ಊಟ ಬಿಟ್ಟ ಕಾರಣವನ್ನು ಅವನಿಗೆ ಮೊದಲ ಸಲ ತಿಳಿಸಿದರು.

“ನಿನಗ ಹೇಳಬ್ಯಾಡ, ಆಕಿಗೂ ಹೇಳಬ್ಯಾಡ ಅಂದಿದ್ರು. ಆಕಿ ಹಿಂಗ ತಿಳಕೊಂಡಾಳಂತ ಇವ್ರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಗೊತ್ತಿದ್ರ ಅವತ್ತ ಹೋಗಿ ಆಕಿ ಮುಂದ ನಿಲ್ಲತಿದ್ರು. ಈಗ ನಾ ಹೇಳ್ಲೋ, ನೀ ಹೇಳತೀಯೋ?”

“ನಾ ಹೇಳತೇನಿ, ಕಾಕು.”

ಬಸಲಿಂಗವ್ವ ಆಗಲೇ ಎದ್ದಿದ್ದರು. ರುದ್ರೇಶ ಅವರನ್ನು ಕೂರಿಸಿ, ತಾನೂ ಎದುರಿಗೆ ಕುರ್ಚಿ ಎಳೆದುಕೊಂಡ. ಹ್ಯಾರೋದ ಊಟ, ತಾನು ತಪ್ಪಿಸಿಕೊಂಡ ಶುಕ್ರವಾರಗಳು, ಕಾಕಾ ಕೋಣೆಗೆ ಬಂದದ್ದು, ಆಮೇಲೆ ಅವರು ಮನೆಯಲ್ಲಿ ಆಡಿದ ಮಾತು, ಎಲ್ಲವನ್ನೂ ನಡೆದ ಕ್ರಮದಲ್ಲಿ ಹೇಳಿದ.

“ಅಂದ್ರ ನನ್ನ ಕೈ ಅಲ್ಲ.”

“ಅಲ್ರಿ. ನನ್ನ ಸಲುವಾಗಿ.”

“ನಾ ರಂಡಿ ಆದದ್ದಕ್ಕಲ್ಲ.”

“ಖರೇನ ಅಲ್ರಿ, ಅವ್ವಾರ.”

ಬಸಲಿಂಗವ್ವ ಸೆರಗಿನಿಂದ ಮುಖ ಒರೆಸಿಕೊಂಡರು. ಮರುಕ್ಷಣ ದನಿ ಏರಿತು.

“ಅಲ್ಲೋ, ಎಡಿ ಹಿಡಿಯೂಕಿಂತ ಮೊದಲ ನಾಕು ಹೋಳಿಗಿ ಬ್ಯಾರೆ ತಗದಿಡವಾ ಅಂತ ನನಗ ಅಂದಿದ್ರ ತಗದಿಡತಿದ್ದಿಲ್ಲೇನು? ನಮ್ಮ ದೇವರೇನು ಹೋಳಿಗಿ ಎಣಿಸ್ಕೋತ ಕುಂಡ್ರತಾನೇನು? ಅಮೃತಣ್ಣಗೂ ಹೊಳೀಲಿಲ್ಲ, ಆ ನಿನ್ನ ಕಾಕುಗೂ ಹೊಳೀಲಿಲ್ಲ. ದಿನಾ ಬೈಬಲ್ ಓದೂ ಮಂದಿ!”

ಅಡುಗೆಕೋಣೆಯ ಬಾಗಿಲಲ್ಲಿ ಕರುಣಾಬಾಯಿ ನಿಂತಿದ್ದರು. ಬಸಲಿಂಗವ್ವ ಅವರನ್ನು ನೋಡಿದರು; ಕೋಟು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿದರು. ಆಮೇಲೆ ರುದ್ರೇಶನ ಕಡೆಗೆ ತಿರುಗಿದರು.

“ಈಗೂ ಎಡೀದು ಉಂಡ್ರ ಹಂಗ ಆಗತದೇನು ನಿನಗ?”

ರುದ್ರೇಶ ಕೆಲಸ ಮಾಡುವ ಗೋದಾಮಿನಲ್ಲಿ ಜೊತೆಗಾರರು ದೀಪಾವಳಿಗೆ ಪೂಜೆಯ ಸಿಹಿ ತರುತ್ತಿದ್ದರು. ವಿಶ್ವಾಸ ಬೇರೂರಿದಂತೆ ಹಳೆಯ ಅಳುಕು ಅವನಿಗೇ ತಿಳಿಯದಂತೆ ಕರಗಿತ್ತು. ಅವನು ತಿನ್ನುತ್ತಿದ್ದ.

“ಇಲ್ರಿ. ಈಗ ಏನೂ ಆಗೂದಿಲ್ಲ.”

“ಯಾವಾಗಿಂದ?”

“ಐದಾರು ವರ್ಷ ಆತ್ರಿ.”

“ಅಮೃತಣ್ಣಗ ಹೇಳಿದ್ದೇನು?”

ಅಮೃತಪ್ಪನವರು ಕೊನೆಯವರೆಗೂ ಎಡೆಯದನ್ನು ಮುಟ್ಟಲಿಲ್ಲ, ಅವನನ್ನು ಕೇಳಿಯೂ ಇರಲಿಲ್ಲ. ರುದ್ರೇಶನೂ ಹೇಳಿರಲಿಲ್ಲ.