ಎರಡನೇ ಚರಣದ ಕೆಮ್ಮು

ಡಬ್ಬಿ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಮುಚ್ಚಳದಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷ ಪ್ರೆಸ್ಸಿನ ಮುಂದೆ ನಿಂತು ತಗಡಿನ ಮುಚ್ಚಳ ಹೊಡೆದವಳು. ಅಚ್ಚು ಕೂದಲೆಳೆಯಷ್ಟು ಸವೆದರೂ ಸೂಪರ್‌ವೈಸರನ ಕಣ್ಣಿಗೆ ಬೀಳುವ ಮೊದಲು ಅವಳ ಕಿವಿಗೆ ಬೀಳುತ್ತಿತ್ತು. ಕೊನೆಗೆ ಆ ಕಿವಿಗಳನ್ನೇ ಪ್ರೆಸ್ಸು ತಿಂದು ಹಾಕಿತು. ಬಲಗಿವಿ ಮುಗಿದಿದೆ, ಎಡದ್ದಕ್ಕೆ ಹೆಚ್ಚೆಂದರೆ ಒಂದು ವರ್ಷ ಎಂದು ಡಾಕ್ಟರು ಚೀಟಿಯಲ್ಲಿ ಬರೆದುಕೊಟ್ಟರು. ಕೂಗಿ ಹೇಳುವ ತೊಂದರೆ ಅವರಿಗೇಕೆ?

ಅಂದೇ ಅವಳು ತೀರ್ಮಾನಿಸಿದಳು, ಆ ಒಂದು ದನಿಯನ್ನು ಒಂದು ಸಲವಾದರೂ ಎದುರಿಗೆ ನಿಂತು ಕೇಳಬೇಕು. ಚಿಕ್ಕಂದಿನಲ್ಲಿ ಅವಳಿಗೂ ತಮ್ಮನಿಗೂ ಇದ್ದದ್ದು ಒಂದೇ ಕ್ಯಾಸೆಟ್, ಒಂದು ರಾಕ್ ಬ್ಯಾಂಡಿನದು; ಆ ದನಿ ಅದರ ಹಾಡುಗಾರನದು. ಅದರ ಮೂರನೇ ಹಾಡಿನಲ್ಲಿ, ಎರಡನೇ ಚರಣಕ್ಕೆ ಮುಂಚೆ, ಹಾಡುಗಾರ ಸಣ್ಣಗೆ ಕೆಮ್ಮುತ್ತಾನೆ. ಅದೂ ಹಾಡಿನ ಭಾಗವೆಂದೇ ಇಬ್ಬರೂ ನಂಬಿದ್ದರು. ಅಲ್ಲಿಗೆ ಬಂದರೆ ಮುಷ್ಟಿ ಬಾಯಿಗಿಟ್ಟು ಜೊತೆಗೇ ಕೆಮ್ಮುತ್ತಿದ್ದರು. ಶಾಲೆಯಲ್ಲಿ ಹಾಡಿದಾಗಲೂ ಹಾಗೇ ಕೆಮ್ಮಿದ್ದಕ್ಕೆ, ಪಾಪ ಮಕ್ಕಳೆಂದು ಟೀಚರ್ ಓಡಿ ಬಂದು ನೀರು ಕುಡಿಸಿದ್ದರು. ಅದು ರೆಕಾರ್ಡಿಂಗಿನಲ್ಲಿ ತಾನಾಗಿ ನುಸುಳಿದ ಕೆಮ್ಮೆಂದು ದೊಡ್ಡವರಾದ ಮೇಲೆ ಗೊತ್ತಾಯಿತು, ಅಭ್ಯಾಸ ಮಾತ್ರ ಬಿಡಲಿಲ್ಲ.

ಭಾನುವಾರ ಮಧ್ಯಾಹ್ನ ಮೂರಕ್ಕೆ ಆ ಬ್ಯಾಂಡಿನ ಕಾರ್ಯಕ್ರಮ. ಕುರ್ಚಿ ಮೇಜಿನ ಅಂಗಡಿಯೊಂದರ ನೆಲಮಾಳಿಗೆಯ ಕ್ಲಬ್ಬು, ನೂರು ಜನ ಹಿಡಿಸಿದರೆ ಹೆಚ್ಚು. ಅವಳು ಮುಂದಿನ ಸಾಲಿನಲ್ಲಿ ಎಡಗಿವಿಯನ್ನು ವೇದಿಕೆಗೆ ಕೊಟ್ಟು ಅಡ್ಡಡ್ಡ ನಿಂತಳು. ತಮ್ಮ ಪಕ್ಕದಲ್ಲಿ ನಿಂತು ನೂಕುನುಗ್ಗಲು ತಡೆಯುತ್ತಿದ್ದ. ಹಾಡುಗಾರನ ಕೂದಲೆಲ್ಲ ಉದುರಿತ್ತು, ದನಿ ಮಾತ್ರ ಹಾಗೇ ಇತ್ತು. ಅವಳಿಗೆ ಕಣ್ಣು ತುಂಬಿ ಬಂತು.

ಆ ಹಾಡು ಬಂತು. ಎರಡನೇ ಚರಣಕ್ಕೆ ಮುಂಚೆ ಅವಳು ತನಗರಿವಿಲ್ಲದೆ ಮುಷ್ಟಿ ಎತ್ತಿ ಕೆಮ್ಮಿದಳು. ಜೊತೆಗೇ ಸ್ಪೀಕರೂ ಕೆಮ್ಮಿತು. ಅದೇ ಕೆಮ್ಮು, ಕ್ಯಾಸೆಟ್ಟಿನದು. ಹಾಡುಗಾರ ಆಗ ಬಾಟಲಿ ಎತ್ತಿ ಗಟಗಟ ನೀರು ಕುಡಿಯುತ್ತಿದ್ದ.

ತಮ್ಮನ ಮುಷ್ಟಿಯೂ ಬಾಯಿಯ ಹತ್ತಿರವೇ ನಿಂತಿತ್ತು. "ಹೋಗ್ಲಿ ಬಿಡಕ್ಕಾ, ಕೇಳೋಕೆ ಚೆನ್ನಾಗೇ ಇದೆಯಲ್ಲ," ಎಂದ.

ಚೆನ್ನಾಗಿದೆಯಂತೆ. ಅವಳ ಪಿತ್ತ ನೆತ್ತಿಗೇರಿತು. ಉಳಿದಿರುವುದೇ ಒಂದು ಕಿವಿ, ಅದಕ್ಕೂ ಹೂವಿಡುತ್ತಾರಲ್ಲ ಈ ಪುಣ್ಯಾತ್ಮರು. ಜನರನ್ನು ತಳ್ಳಿಕೊಂಡು ಗೋಡೆಯ ಪಕ್ಕದ ಮೇಜಿಗೆ ಹೋದಳು. ಅಲ್ಲೊಂದು ಲ್ಯಾಪ್‌ಟಾಪು, ಅದನ್ನು ನೋಡಿಕೊಳ್ಳುವವನೊಬ್ಬ, ಅದರಿಂದ ಸ್ಪೀಕರಿಗೆ ಹೊರಟ ಒಂದು ವೈರು. ಕೆಟ್ಟ ಯಂತ್ರ ನಿಲ್ಲಿಸಲು ಅವಳು ಎಂದೂ ಯಾರ ಅಪ್ಪಣೆಗೂ ಕಾದವಳಲ್ಲ. ಎಳೆದುಬಿಟ್ಟಳು.

ಡ್ರಮ್ಮು, ಗಿಟಾರು ನಡೆದೇ ಇದ್ದವು. ಹಾಡುಗಾರನ ಬಾಯಿ ಎರಡು ಸಲ ಬರಿದೇ ತೆರೆದು ಮುಚ್ಚಿತು. ಆಮೇಲೆ ಎಲ್ಲವೂ ನಿಂತಿತು.

"ಯಾರ್ರೀ ಆಯಮ್ಮ? ಆಚೆ ಕಳಿಸ್ರೀ," ಎಂದು ಜನ ಬೈಯತೊಡಗಿದರು. ಬಾಯಾಡಿಸುತ್ತಿದ್ದ ಹಾಡುಗಾರನನ್ನು ಒಬ್ಬರಾದರೂ ಕೇಳಬೇಡವೇ? ಎಲ್ಲ ಬೈಗುಳವೂ ಇವಳಿಗೇ.

ಹಾಡುಗಾರ ಇಳಿದು ಬಂದ.

"ನೀವೇ ಹಾಡಿ," ಎಂದಳು.

"ಗಂಟಲು ಆಪರೇಷನ್ ಆಗಿದೆಯಮ್ಮಾ," ಎಂದ. ತಗಡು ಕೆರೆದಂಥ ದನಿ. "ಈ ದನೀನ ಯಾರು ಕೇಳ್ತಾರೆ?"

"ನಾನು ಕೇಳ್ತಿದ್ದೆ. ಅದನ್ನೇ ಕೇಳೋಕೆ ಬಂದಿದ್ದು. ಮುಂದಿನ ವರ್ಷ ನಂಗೆ ಯಾರ ದನೀನೂ ಕೇಳ್ಸಲ್ಲ. ನಿಮ್ಮ ಕ್ಯಾಸೆಟ್ಟು ನಮ್ಮನೇಲೂ ಇದೆ ಸ್ವಾಮಿ, ಅದಕ್ಕೆ ಇಲ್ಲೀವರೆಗೂ ಬರಬೇಕಿತ್ತಾ?"

ಅವನು ನೆಲ ನೋಡಿದ. ಜನ ಹಾಡು, ಹಾಡು ಎಂದು ಒಂದೇ ಸಮನೆ ಚಪ್ಪಾಳೆ ತಟ್ಟುತ್ತಿದ್ದರು. ಅವನು ತಲೆಯೆತ್ತಿ ಅವರನ್ನು ನೋಡಿದ, ಮೇಜಿನ ಹಿಂದಿದ್ದವನಿಗೆ ಕಣ್ಣಲ್ಲೇ ಸನ್ನೆ ಮಾಡಿ ವೇದಿಕೆ ಹತ್ತಿದ. ವೈರು ಮತ್ತೆ ಸೇರಿತು.

ಹಾಡು ಮೊದಲಿಂದ ಶುರುವಾಯಿತು. ಅಕ್ಕ ತಮ್ಮ ಇಬ್ಬರೂ ಗುಂಪು ದಾಟಿ ಮೆಟ್ಟಿಲ ತುದಿ ಮುಟ್ಟುವಷ್ಟರಲ್ಲಿ ಆ ಜಾಗ ಬಂತು. ತಮ್ಮನ ಮುಷ್ಟಿ ಮೇಲೆದ್ದಿತು. ಅವಳು ಅವನ ಮಣಿಕಟ್ಟು ಹಿಡಿದು ಕೆಳಗೆಳೆದಳು.

"ಕೆಮ್ಮಿದ್ರೆ ನೋಡು," ಎಂದಳು.

ಕೆಳಗೆ ಸ್ಪೀಕರು ತಾನೊಂದೇ ಕೆಮ್ಮಿಕೊಂಡಿತು.